ಪರೀಕ್ಷೆ ಎದುರಿಗಿದ್ದರೂ ನೆಂಟರ ಮನೆಗೆ ಹೋಗಬೇಕು

ಈ ಸಲ ಡಿಸೆಂಬರ್ 25ರಿಂದ 31ರವರೆಗೆ ನಮ್ಮ ದ್ವಿತೀಯ ಪಿಯುಸಿ ತರಗತಿಗಳಿಗೆ ಬಿಡುವು ಕೊಟ್ಟಿದ್ದರು. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಗೆ ಮನೆಯಲ್ಲಿ ಕುಳಿತು ಓದಲಿ ಎಂಬುದು ಗುರುಗಳ ಉದ್ದೇಶವಾಗಿತ್ತು. ಆ ಏಳು ದಿನಗಳಲ್ಲಿ ಆರು ದಿನ ನಾನು ವಿಜಯಪುರದಲ್ಲೇ ಇರಲಿಲ್ಲ, ಸಿಂದಗಿ ಮತ್ತು ಇಂಡಿ ತಾಲೂಕಿನಲ್ಲಿ ನೆಂಟರ ಮನೆ, ಹಳೆಯ ಗೆಳತಿಯರ ಮನೆ ಎಂದು ತಿರುಗುತ್ತಿದ್ದೆ. ಇದು ತಿಳಿದು ಕ್ಲಾಸಿನ ಗೆಳತಿಯರು “ನಿನಗೇನು ಪರೀಕ್ಷೆ ಇಲ್ಲೇನು?” ಎಂದು ನಕ್ಕರು. ಗುರುಗಳೊಬ್ಬರು ಮಾತ್ರ ನಗಲಿಲ್ಲ. ಎರಡನೇ ಪಿಯುಸಿಯವರು ಒಂದು ವರ್ಷ ನೆಂಟರನ್ನು ಮರೆತರೆ ಆಕಾಶ ಬೀಳುವುದಿಲ್ಲ ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೂ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಏಕೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ನಾನು ಕಾಮರ್ಸ್ ವಿದ್ಯಾರ್ಥಿನಿ, ಲೆಕ್ಕವಿಲ್ಲದೆ ಮಾತಾಡಿದರೆ ನಮ್ಮ ಅಕೌಂಟೆನ್ಸಿ ಮೇಡಂ ಬಿಡುವುದಿಲ್ಲ. ನಮ್ಮ 2025ರ ಪರೀಕ್ಷೆ-1 ಮಾರ್ಚ್ 1ಕ್ಕೆ ಶುರುವಾಗಿ 20ಕ್ಕೆ ಮುಗಿಯುತ್ತದೆ. ಚಂದ್ರದರ್ಶನ ಹೇಗಾಗುತ್ತದೋ ನೋಡಬೇಕು, ಆದರೆ ರಂಜಾನ್ ಕೂಡ ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಶುರು. ಅಂದರೆ ಈ ವರ್ಷ ರೋಜಾ ಇಟ್ಟುಕೊಂಡೇ ಪರೀಕ್ಷೆ ಬರೆಯುತ್ತೇವೆ. ಈದ್ ಬರುವುದು ಮಾರ್ಚ್ ಕೊನೆಗೆ. ಅಷ್ಟರಲ್ಲಿ ಸಿಇಟಿ, ನೀಟ್ ಬರೆಯುವವರಿಗೆ ಮತ್ತೊಂದು ಓಟ ಶುರುವಾಗಿರುತ್ತದೆ.

ನಾವು ಚಿಕ್ಕವರಿದ್ದಾಗ ಹೀಗಿರಲಿಲ್ಲ. ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ಹಬ್ಬ ಪ್ರತಿ ವರ್ಷ ಅಷ್ಟಷ್ಟೇ ಹಿಂದೆ ಸರಿಯುತ್ತದೆ. 2019ರಲ್ಲಿ ಈದುಲ್ ಫಿತ್ರ್ ಜೂನ್ 5ಕ್ಕೆ ಬಂದಿತ್ತು. ಆಗ ನಾನು ಆರನೇ ತರಗತಿ ಮುಗಿಸಿದ್ದೆ. ರಂಜಾನ್ ತಿಂಗಳಿನ ಹೆಚ್ಚಿನ ದಿನಗಳು ಬೇಸಿಗೆ ರಜೆಯಲ್ಲೇ ಕಳೆದದ್ದರಿಂದ ನಾನಿ ಮನೆಯಲ್ಲೇ ಸಹರಿ, ನಾನಿ ಮನೆಯಲ್ಲೇ ಇಫ್ತಾರ್. ಮುಂದಿನ ವರ್ಷ ಲಾಕ್‌ಡೌನ್, ಎಂಟನೇ ತರಗತಿ ಮೊಬೈಲಿನಲ್ಲೇ ಮುಗಿಯಿತು. ಆಮೇಲೆ ಈದ್ ಏಪ್ರಿಲ್‌ಗೆ ಬಂತು, ಈಗ ಮಾರ್ಚ್‌ಗೆ ಬಂದಿದೆ. ಅದು ಮತ್ತೆ ಬೇಸಿಗೆ ರಜೆಗೆ ಬರುವ ಹೊತ್ತಿಗೆ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ.

ಈದ್ ದಿನ ಎಲ್ಲರ ಮನೆಗೂ ಹೋಗುತ್ತೇವಲ್ಲ ಎಂದು ನೀವು ಕೇಳಬಹುದು. ಹೋಗುತ್ತೇವೆ, ಆದರೆ ಒಂದು ಮನೆಯಲ್ಲಿ ಹತ್ತು ನಿಮಿಷ. ಶೀರ್ ಖುರ್ಮಾದ ಬಟ್ಟಲು ಕೈಗೆ ಬರುತ್ತದೆ, ಎರಡು ಚಮಚ ಬಾಯಿಗಿಡುತ್ತೇವೆ, “ಈದ್ ಮುಬಾರಕ್” ಎನ್ನುತ್ತೇವೆ, ಈದಿ ತೆಗೆದುಕೊಂಡು ಮುಂದಿನ ಮನೆ. ಅಲ್ಲಿ ಯಾರೂ ಯಾರ ಕಷ್ಟವನ್ನೂ ಕೇಳುವುದಿಲ್ಲ, ಕೇಳುವ ದಿನವೂ ಅದಲ್ಲ. ಮದುವೆಗಳಲ್ಲಂತೂ ಊಟದ ಸಾಲಿನಲ್ಲಿ ಮುಖ ನೋಡಿ ಕೈ ಬೀಸಿದರೆ ಮುಗಿಯಿತು. ಮನುಷ್ಯರು ಬಾಯಿ ಬಿಟ್ಟು ಮಾತಾಡುವುದು ರಾತ್ರಿ ಉಳಿದಾಗ, ಅದರಲ್ಲೂ ನಮ್ಮ ಕಡೆಯ ಡಿಸೆಂಬರ್ ಚಳಿಯಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಕೌದಿ ಹೊದ್ದು ಕೂತಾಗ.

ಇನ್ನೊಂದು ಮಾತು, ಬಸ್ಸಿನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ತೋರಿಸಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹಣ ಕೊಡದೆ ಹೋಗಬಹುದು. ಇದರ ಬಗ್ಗೆ ಪರ-ವಿರೋಧದ ಚರ್ಚೆ ನಾವು ಟಿವಿಯಲ್ಲಿ ಬೇಕಾದಷ್ಟು ಕೇಳಿದ್ದೇವೆ. ಖಜಾನೆಯ ವಿಚಾರ ದೊಡ್ಡವರಿಗೆ ಬಿಡುತ್ತೇನೆ. ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನಷ್ಟೇ ಹೇಳಬಲ್ಲೆ. ಮೊದಲು ಅಮ್ಮಿ ತವರಿಗೆ ಹೋಗಬೇಕಾದರೆ ಅಬ್ಬಾ ಕೈಯಲ್ಲಿ ದುಡ್ಡಿರುವ ವಾರಕ್ಕೆ ಕಾಯಬೇಕಿತ್ತು. ನಾಲ್ಕು ಜನರ ಹೋಗಿ ಬರುವ ಟಿಕೆಟ್ಟು, ಬರಿಗೈಯಲ್ಲಿ ಹೋಗಬಾರದು ಎಂದು ಒಂದಿಷ್ಟು ಹಣ್ಣು, ಬಿಸ್ಕತ್ತು. ಎಲ್ಲ ಕೂಡಿಸಿದರೆ ಆ ಪ್ರಯಾಣ ಮುಂದಿನ ತಿಂಗಳಿಗೆ ಹೋಗುತ್ತಿತ್ತು. ಈಗ ಟಿಕೆಟ್ ತೆಗೆದುಕೊಳ್ಳುವವನು ನನ್ನ ತಮ್ಮ ಒಬ್ಬನೇ. 2025ರ ಜನವರಿ 5ರಿಂದ ಬಸ್ ದರ ಶೇ. 15ರಷ್ಟು ಏರಿದ ಮೇಲೆ ಅವನ ಮುಖ ಇನ್ನಷ್ಟು ಚಿಕ್ಕದಾಗಿದೆ. ಸೀಟು ಸಿಗದೆ ನಿಂತ ಗಂಡಸರು ಗೊಣಗುತ್ತಾರೆ ಎಂಬುದೂ ನಿಜ. ಸಿಂದಗಿಗೆ ಹೋಗುವ ಸುಮಾರು 60 ಕಿಲೋಮೀಟರಿನಲ್ಲಿ ಅರ್ಧ ದಾರಿ ನಾನೂ ನಿಂತೇ ಹೋದೆ. ಆದರೆ ಆ ಬಸ್ಸಿನಲ್ಲಿ ನಾನು ಕಂಡದ್ದು ತಿರುಗಾಟಕ್ಕೆ ಹೊರಟವರನ್ನಲ್ಲ. ತೊಡೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು ಬಾಣಂತಿ ಮಗಳನ್ನು ನೋಡಲು, ಆಸ್ಪತ್ರೆಯಲ್ಲಿರುವ ತಂಗಿಯನ್ನು ಮಾತಾಡಿಸಲು ಹೊರಟವರೇ ಹೆಚ್ಚು. ನೆಂಟಸ್ತಿಕೆಗೆ ದಾರಿಖರ್ಚೂ ಒಂದು ಅಡ್ಡಿ ಎಂಬುದು ನನಗೆ ಅರ್ಥವಾದದ್ದು ಅಲ್ಲೇ. ನಮ್ಮ ಕಾಲೇಜಿನ ಹುಡುಗಿಯರಿಗೆ ಈ ಅಡ್ಡಿಯಂತೂ ಈಗ ಇಲ್ಲ.

ಸಿಂದಗಿಯಲ್ಲಿ ನಮ್ಮ ಬಡೇ ಅಬ್ಬಾ, ಅಂದರೆ ಅಬ್ಬಾನ ಅಣ್ಣ, ಇದ್ದಾರೆ. ನಾನು ಹತ್ತನೇ ತರಗತಿ ಮುಗಿಸುವವರೆಗೆ ನಾವೂ ಅದೇ ಊರಿನಲ್ಲಿ ಇದ್ದವರು. ಹೊಲದ ಪಾಲಿನ ವಿಷಯದಲ್ಲಿ ಮನಸ್ತಾಪವಾಗಿ ಮೂರು ವರ್ಷಗಳಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಯಾರದು ಸರಿ ಎಂದು ನಾನು ಇಲ್ಲಿ ಬರೆಯುವುದಿಲ್ಲ, ನನಗೆ ಪೂರ್ತಿ ತಿಳಿದೂ ಇಲ್ಲ. ಈ ಡಿಸೆಂಬರಿನಲ್ಲಿ ಅಮ್ಮಿ “ಹುಡುಗರಿಗೆ ಬಿಡುವಿದೆ, ಹೋಗಿ ಬರುತ್ತೇವೆ” ಎಂದಾಗ ಅಬ್ಬಾ ಹೂಂ ಅನ್ನಲಿಲ್ಲ, ನಕ್ಕೋ ಅಂತಲೂ ಅನ್ನಲಿಲ್ಲ. 26ರ ಬೆಳಿಗ್ಗೆ ನಮ್ಮನ್ನು ಬಸ್ ನಿಲ್ದಾಣಕ್ಕೆ ಬಿಟ್ಟರು. ಬಸ್ ಹೊರಡುವ ಮೊದಲು ಓಡಿಹೋಗಿ ಒಂದು ಕಿಲೋ ಪೇಢೆ ತಂದು ಕಿಟಕಿಯಿಂದ ಕೊಟ್ಟರು. ಯಾರಿಗೆ ಎಂದು ಹೇಳಲಿಲ್ಲ. ಅಮ್ಮಿಯೂ ಕೇಳಲಿಲ್ಲ.

ಬಡೇ ಅಬ್ಬಾನ ಮನೆಯಲ್ಲಿ ಮೊದಲ ದಿನ ಸಂಜೆಯವರೆಗೂ ಎಲ್ಲರೂ ಬಿಗಿಯಾಗಿಯೇ ಇದ್ದೆವು. ಬಡೀ ಅಮ್ಮಾ ಚಹಾದ ಮೇಲೆ ಚಹಾ ತಂದಿಡುತ್ತಿದ್ದರು, ಮಾತು ಮಾತ್ರ ಚಳಿ, ತೊಗರಿ ರಾಶಿ, ನನ್ನ ಕಾಲೇಜು ಇಷ್ಟರಲ್ಲೇ ಸುತ್ತುತ್ತಿತ್ತು. ರಾತ್ರಿ ಟಿವಿಯಲ್ಲಿ ಮಾಜಿ ಪ್ರಧಾನಿ ಮನಮೋಹನ ಸಿಂಗ್ ತೀರಿಕೊಂಡ ಸುದ್ದಿ ಬಂತು. ಬಡೇ ಅಬ್ಬಾ ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಅಮ್ಮಿಯ ಕಡೆ ತಿರುಗಿ, 2008ರ ಸಾಲಮನ್ನಾದಲ್ಲಿ ನಮ್ಮ ಹೊಲದ ಮೇಲಿದ್ದ ಬ್ಯಾಂಕಿನ ಸಾಲ ಹೇಗೆ ತೀರಿತು, ಆ ದಿನ ತಾವೂ ಅಬ್ಬಾನೂ ಒಂದೇ ಸೈಕಲ್ಲಿನಲ್ಲಿ ಬ್ಯಾಂಕಿಗೆ ಹೋಗಿ ಬಂದದ್ದು, ದಾರಿಯಲ್ಲಿ ಟೈರು ಪಂಕ್ಚರ್ ಆದದ್ದು, ಎಲ್ಲ ಹೇಳತೊಡಗಿದರು. ‘ಹೊಲ’ ಎಂಬ ಮಾತು ಆ ಮನೆಯಲ್ಲಿ ಜಗಳವಿಲ್ಲದೆ ಬಂದದ್ದು ಮೂರು ವರ್ಷದಲ್ಲಿ ಅದೇ ಮೊದಲು. ನಮ್ಮ ಪೇಢೆಯ ಡಬ್ಬಿ ಬರಿದಾಗಿ ವಾಪಸ್ ಬರಲಿಲ್ಲ, ಬಡೀ ಅಮ್ಮಾ ಅದರ ತುಂಬ ನಿಂಬೆಕಾಯಿ ಉಪ್ಪಿನಕಾಯಿ ತುಂಬಿದ್ದರು. ಪಾಲಿನ ವಿಷಯ ಇನ್ನೂ ಬಗೆಹರಿದಿಲ್ಲ. ಆದರೆ ಈಗ ಫೋನ್ ಬರುತ್ತಿದೆ, ಅಬ್ಬಾ ಎತ್ತುತ್ತಿದ್ದಾರೆ.

ದೀನಿಯಾತ್ ತರಗತಿಯಲ್ಲಿ ಸಿಲಾ ರಹ್ಮಿಯ ಬಗ್ಗೆ ನಾವೆಲ್ಲ ಪಾಠ ಕೇಳಿದ್ದೇವೆ. ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುವವರ ಮನೆಗೆ ಹೋಗುವುದು ಬರೀ ಲೇವಾದೇವಿ, ಮುರಿದುಕೊಂಡವರ ಬಾಗಿಲು ತಟ್ಟುವುದೇ ನಿಜವಾಗಿ ಸಂಬಂಧ ಜೋಡಿಸುವುದು ಎಂದು ಮೌಲಾನಾ ಸಾಹೇಬರು ವಿವರಿಸಿದ್ದರು. ಪರೀಕ್ಷೆಗೆ ಬಂದರೆ ನಾವೆಲ್ಲ ಇದನ್ನು ಚೆನ್ನಾಗಿಯೇ ಬರೆಯುತ್ತೇವೆ. ಬಾಗಿಲು ತಟ್ಟುವ ಕೆಲಸವನ್ನು ದೊಡ್ಡವರ ತಲೆಗೆ ಹಾಕುತ್ತೇವೆ. ದೊಡ್ಡವರಿಗೆ ಮಾನದ ಪ್ರಶ್ನೆ ಅಡ್ಡ ಬರುತ್ತದೆ. ಮಕ್ಕಳು ಹೋದರೆ ಯಾರ ಮಾನವೂ ಹೋಗುವುದಿಲ್ಲ. ನಮ್ಮ ವಯಸ್ಸಿಗೆ ಇರುವ ಈ ಅನುಕೂಲ ಇನ್ನು ನಾಲ್ಕೈದು ವರ್ಷ ಮಾತ್ರ, ಆಮೇಲೆ ನಾವೂ ‘ದೊಡ್ಡವರು’ ಆಗಿಬಿಡುತ್ತೇವೆ.

ಹೋಗಲು ಮನಸ್ಸಾಗದಿರುವುದಕ್ಕೂ ಕಾರಣಗಳಿವೆ, ಅವನ್ನು ಮುಚ್ಚಿಟ್ಟು ಬರೆದರೆ ಓದುವವರೇ ನಗುತ್ತಾರೆ. ಮೊದಲನೆಯದು ಪರ್ಸೆಂಟೇಜ್. ಸಲಾಂ ಹೇಳಿ ಚಪ್ಪಲಿ ಬಿಡುವುದರೊಳಗೆ “ಹತ್ತನೇದರಾಗ ಎಷ್ಟು? ಫಸ್ಟ್ ಇಯರ್ ಎಷ್ಟು?” ಎಂದು ಶುರು. ಪಕ್ಕದ ಕೋಣೆಯಲ್ಲಿ ಓದುತ್ತಿರುವ ಖಾಲಾನ ಮಗನಿಗೆ ಎಷ್ಟು ಎಂಬುದೂ ಕೂಡಲೇ ನಮ್ಮ ಕಿವಿಗೆ ಬೀಳುತ್ತದೆ. ಕಾಮರ್ಸ್ ಎಂದರೆ “ಸೈನ್ಸ್ ಸಿಗಲಿಲ್ಲೇನು?” ಎನ್ನುತ್ತಾರೆ. ಹಿರಿಯರಲ್ಲಿ ನನ್ನದೊಂದು ವಿನಂತಿ: ನಮ್ಮನ್ನು ಬೇರೆ ಏನಾದರೂ ಕೇಳಿ. ಏನು ಓದುತ್ತಿದ್ದೀಯ, ಯಾವ ಪಾಠ ಕಷ್ಟ, ಹಾಸ್ಟೆಲ್ ಊಟ ಹೇಗಿದೆ ಎಂದು ಕೇಳಿ. ಗೆಳತಿಯರಿಗೆ ಹೇಳುವುದಿಷ್ಟೇ, ಆ ಪ್ರಶ್ನೆ ಐದು ನಿಮಿಷದ್ದು. ನಂಬರ್ ಹೇಳಿ, ನೀರು ಕುಡಿದು, ಒಳಗೆ ನಾನಿಯ ಹತ್ತಿರ ಹೋಗಿ ಕೂತುಬಿಡಿ. ಐದು ನಿಮಿಷದ ಮುಜುಗರಕ್ಕೆ ಮೂರು ದಿನ ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ಎರಡನೆಯದು ಅಡುಗೆಮನೆ, ಇದನ್ನು ಹುಡುಗರೂ ಓದಬೇಕು. ಇಂಡಿ ತಾಲೂಕಿನ ನಾನಿಯ ಊರಲ್ಲಿ ನಾವೆಲ್ಲ ಸೇರಿ ಹದಿನಾಲ್ಕು ಜನವಾಗಿದ್ದೆವು. ಹದಿನಾಲ್ಕು ಜನರಿಗೆ ಒಂದು ಹೊತ್ತಿಗೆ ಎಷ್ಟು ಜೋಳದ ರೊಟ್ಟಿ ಬೇಕು, ಎಣಿಸಿ ನೋಡಿ. ಮುಮಾನಿ ಅಸರ್ ನಮಾಜ್ ಮುಗಿಸಿ ಒಲೆಯ ಮುಂದೆ ಕೂತರೆ ಇಷಾ ಹೊತ್ತಿಗೆ ಏಳುತ್ತಿದ್ದರು. ನಾನು, ಅಮ್ಮಿ, ಖಾಲಾ ಸರದಿಯಲ್ಲಿ ಬಡಿಯುತ್ತಿದ್ದೆವು. ಅಷ್ಟರಲ್ಲಿ ನನ್ನ ತಮ್ಮ ಮತ್ತು ಮಾಮುವಿನ ಮಕ್ಕಳು ಅಂಗಳದಲ್ಲಿ ಕ್ರಿಕೆಟ್ ಆಡಿ, ಕೈಕಾಲು ತೊಳೆದು, ದಸ್ತರ್‌ಖಾನಿನ ಮುಂದೆ ಬಂದು ಕೂರುತ್ತಿದ್ದರು. ನೆಂಟರ ಮನೆಯಲ್ಲಿ ಬಹಳ ಮಜಾ ಎನ್ನುವ ಹುಡುಗರನ್ನು ಕೇಳುತ್ತೇನೆ, ಆ ಮಜಾ ಯಾರ ಬೆವರಿನದು? ಎರಡನೇ ದಿನ ನಾನಿಯೇ ತಮ್ಮನನ್ನು ಕರೆದು, ನಮ್ಮ ಪ್ರವಾದಿಯವರು ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು, ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ನೀನು ಅವರಿಗಿಂತ ದೊಡ್ಡವನೇನು ಎಂದು ಕೇಳಿದರು. ಅಂದಿನಿಂದ ತಾಟು ತೊಳೆಯುವುದು ಹುಡುಗರ ಪಾಲಿಗೆ ಬಂತು. ಎರಡು ಬಟ್ಟಲು ಒಡೆದರು, ಅಡ್ಡಿಯಿಲ್ಲ.

ಇದರ ಜೊತೆ ಇನ್ನೊಂದು ಸಣ್ಣ ಸಲಹೆ. ನೆಂಟರು ಬಂದರೆಂದು ಬಿರಿಯಾನಿಯೇ ಆಗಬೇಕು ಎಂಬ ಪದ್ಧತಿ ಬಿಟ್ಟರೆ ಬರುವವರಿಗೂ ಸಂಕೋಚವಿರುವುದಿಲ್ಲ, ಕರೆಯುವವರಿಗೂ ಭಾರವಿರುವುದಿಲ್ಲ. ಕೋಳಿ ತರಲು ದುಡ್ಡಿಲ್ಲ ಎಂಬ ಕಾರಣಕ್ಕೇ ಬರಬೇಡಿ ಎನ್ನಲೂ ಆಗದೆ ಬನ್ನಿ ಎನ್ನಲೂ ಆಗದೆ ಒದ್ದಾಡುವ ಮನೆಗಳು ನಮ್ಮಲ್ಲಿ ಬಹಳ. ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ಯಾವ ನೆಂಟರಿಗೆ ಕಡಿಮೆಯಾಯಿತು?

30ನೇ ತಾರೀಖು ಎಳ್ಳ ಅಮಾವಾಸ್ಯೆ ಇತ್ತು. ನಮ್ಮ ಕಡೆ ಅಂದು ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಲ್ಲೇ ಕೂತು ಊಟ ಮಾಡುತ್ತಾರೆ. ನಾನಿಯ ಪಕ್ಕದ ಮನೆಯ ಕಾಕು ಪ್ರತಿ ವರ್ಷದಂತೆ ನಮ್ಮನ್ನೆಲ್ಲ ಕರೆದರು. ಆಳೆತ್ತರದ ಬಿಳಿಜೋಳದ ನಡುವೆ ಕಂಬಳಿ ಹಾಸಿ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಬಡಿಸಿದರು. ನಾನಿಯ ಮಂಡಿನೋವಿಗಾಗಿ ಅವರ ಮಗ ಟ್ರ್ಯಾಕ್ಟರ್ ತಂದಿದ್ದ. ಆ ಇಬ್ಬರು ಮುದುಕಿಯರದು ನಲವತ್ತು ವರ್ಷದ ಒಡನಾಟ. ಹೊರಗಿನ ಜಗತ್ತಿನಲ್ಲಿ ಯಾರು ಯಾರ ಮೇಲೆ ಏನು ಮಾತಾಡುತ್ತಿದ್ದಾರೆ ಎಂಬುದು ಅವರಿಗೂ ಗೊತ್ತು, ಫೋನಿನಲ್ಲಿ ಎಲ್ಲ ಬರುತ್ತದೆ. ಅವರು ಅದನ್ನು ಹೊಲಕ್ಕೆ ತರಲಿಲ್ಲ, ಅಷ್ಟೇ. ನಮ್ಮ ಪೀಳಿಗೆಯವರಿಗೆ ಇಂಥ ನೆರೆಹೊರೆ ಬೇಕೆಂದರೆ ಅದು ಸ್ಟೇಟಸ್ ಹಾಕಿದರೆ ಬರುವುದಿಲ್ಲ, ಹೋಗಿ ಕೂತು ಉಂಡು ಬರಬೇಕು.

ಇನ್ನು ಓದಿನ ಮಾತು, ಗುರುಗಳು ಕಾಯುತ್ತಿರಬಹುದು. ಫಜ್ರ್ ನಂತರ ಎಲ್ಲರೂ ಮತ್ತೆ ಹೊದ್ದು ಮಲಗಿದಾಗ ನಾನು ದಿನಕ್ಕೆ ಎರಡು ತಾಸು ಓದಿದೆ. ಪಾಲುದಾರನ ನಿವೃತ್ತಿಯ ಲೆಕ್ಕಗಳನ್ನು ಪೂರ್ತಿ ಮಾಡಿದೆ. ಕಿರಾಣಿ ಅಂಗಡಿಯ ಮಾಮು ನನ್ನ ಬ್ಯಾಲೆನ್ಸ್ ಶೀಟ್ ನೋಡಿ, “ನಿಮ್ಮ ಪುಸ್ತಕದಾಗ ಎರಡೂ ಕಡೆ ಸಮ ಆಗ್ತದ, ನನ್ನ ಉದ್ರಿ ಪುಸ್ತಕ ಇಪ್ಪತ್ತು ವರ್ಷ ಆದರೂ ಸಮ ಆಗಿಲ್ಲ” ಎಂದರು. ವಿಜಯಪುರದಲ್ಲೇ ಇದ್ದಿದ್ದರೆ ಇದಕ್ಕಿಂತ ಬಹಳ ಓದುತ್ತಿದ್ದೆ ಎಂದು ನನಗನಿಸುವುದಿಲ್ಲ. ಮನೆಯಲ್ಲಿದ್ದ ನನ್ನ ಗೆಳತಿಯರು ಆ ವಾರ ಎಷ್ಟು ಹೊತ್ತು ಆನ್‌ಲೈನ್ ಇದ್ದರು ಎಂಬುದು ನನ್ನ ಫೋನಿಗೂ ಕಾಣುತ್ತಿತ್ತು. ಹಾಗೆಂದು ಎಲ್ಲರೂ ಆರು ದಿನ ಹೋಗಲಿ ಎಂದು ನನ್ನ ವಾದವಲ್ಲ. ನೀಟ್‌ಗೆ ಕೂರುವವರ ಒತ್ತಡ ಬೇರೆ, ಅವರು ಎರಡು ದಿನ ಹೋದರೂ ಸಾಕು. ರಜೆಯ ಎಲ್ಲ ದಿನಗಳಿಗೂ ವಿಶೇಷ ತರಗತಿ ಇಡಬೇಕು ಎಂಬ ಬೇಡಿಕೆ ಮುಂದಿನ ವರ್ಷಕ್ಕಾಗಿ ಈಗಲೇ ಬಂದಿದೆಯಂತೆ. ಅದನ್ನು ಆಡಳಿತ ಮಂಡಳಿ ಒಪ್ಪಬಾರದು. ಬೇಕಿದ್ದರೆ ಅರ್ಧ ದಿನಗಳನ್ನು ತರಗತಿಗೆ ತೆಗೆದುಕೊಳ್ಳಲಿ, ನಡುವೆ ಮೂರು ದಿನ ಒಟ್ಟಿಗೆ ಬಿಡಲಿ. ಬಿಡಿಬಿಡಿಯಾಗಿ ಕೊಟ್ಟ ಒಂದೊಂದು ದಿನದಲ್ಲಿ ಯಾರೂ ಯಾವ ಊರಿಗೂ ಹೋಗಲಾರರು.

ನಾನು ಇದನ್ನೆಲ್ಲ ಬರೆಯಲು ಮುಖ್ಯ ಕಾರಣ ಸಿಂದಗಿಯ ನನ್ನ ಗೆಳತಿ. ಹೈಸ್ಕೂಲಿನ ಮೂರು ವರ್ಷವೂ ನಾವಿಬ್ಬರೂ ಒಂದೇ ಬೆಂಚು. ಎಂಟನೇ ತರಗತಿಯ ವರ್ಷ ಅವರ ಮನೆಯಲ್ಲಿದ್ದ ಒಂದೇ ಮೊಬೈಲು ಅಣ್ಣನ ಕೈಯಲ್ಲಿ ಇರುತ್ತಿತ್ತು, ಗಣಿತ ಆಗಲೇ ಕೈಬಿಟ್ಟಿತ್ತು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಬೇರೆಲ್ಲ ಪಾಸಾಗಿ ಗಣಿತ ಒಂದರಲ್ಲಿ ಫೇಲಾದಳು. ನಾವು ಊರು ಬಿಟ್ಟೆವು, ಅವಳು ನಂಬರ್ ಬದಲಿಸಿದಳು, ಸಂಪರ್ಕವೇ ತಪ್ಪಿತು. 27ರ ಮಧ್ಯಾಹ್ನ ನಾನು ಹೋದಾಗ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಹೋಗಿಬಿಟ್ಟಳು. ಅವಳ ಅವ್ವ ಕರೆತಂದ ಮೇಲೂ ಅರ್ಧ ತಾಸು ಸರಿಯಾಗಿ ಮಾತಾಡಲಿಲ್ಲ. ಕಾಲೇಜಿನ ವಿಷಯ ನಾನು ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸಿಕೊಡುತ್ತ ಕೂತೆ. ಅವಳೇ ಕೊನೆಗೆ, “ಪಿಯುಸಿ ಭಾಳ ಕಷ್ಟ ಏನ್?” ಎಂದು ಕೇಳಿದಳು.

ಆಮೇಲೆ ಗೊತ್ತಾಯಿತು, ಒಮ್ಮೆ ಫೇಲಾದರೆ ಎಲ್ಲ ವಿಷಯಗಳನ್ನೂ ಮೊದಲಿನಿಂದ ಬರೆಯಬೇಕು ಎಂದು ಅವಳು ತಿಳಿದಿದ್ದಳು. ಯಾರೋ ಹಾಗೆ ಹೇಳಿದ್ದರಂತೆ. ಬಿಟ್ಟುಹೋದ ಒಂದು ವಿಷಯವನ್ನಷ್ಟೇ ಬರೆದರೆ ಸಾಕು, ಎಸ್ಸೆಸ್ಸೆಲ್ಸಿಗೂ ನಮ್ಮ ಹಾಗೆಯೇ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ ಎಂದಾಗ ಅವಳ ಅವ್ವ ಮೆಷಿನ್ ಬಿಟ್ಟು ಹತ್ತಿರ ಬಂದು ಕೂತರು. ಎರಡು ವರ್ಷದಿಂದ ಆ ಮನೆಯಲ್ಲಿ ಈ ಒಂದು ಮಾತು ಹೇಳುವವರು ಯಾರೂ ಇರಲಿಲ್ಲ. ಇದನ್ನು ಫೋನಿನಲ್ಲಿ ಹೇಳೋಣವೆಂದರೆ ನನ್ನ ಬಳಿ ಅವಳ ನಂಬರೇ ಇರಲಿಲ್ಲ, ಇದ್ದಿದ್ದರೂ ಅವಳು ಎತ್ತುತ್ತಿರಲಿಲ್ಲ.

ನಮ್ಮ ತರಗತಿಯಲ್ಲಿ ಇರುವ ಪ್ರತಿಯೊಬ್ಬರಿಗೂ ಹತ್ತನೆಯಲ್ಲಿ ಹಿಂದುಳಿದ ಇಂಥ ಒಬ್ಬರಾದರೂ ಗೊತ್ತು. ಒಬ್ಬ ಗ್ಯಾರೇಜಿನಲ್ಲಿದ್ದಾನೆ, ಒಬ್ಬಳಿಗೆ ಹದಿನೆಂಟು ತುಂಬುವುದನ್ನೇ ಕಾಯುತ್ತ ಮನೆಯವರು ಗಂಡು ನೋಡಿಟ್ಟಿದ್ದಾರೆ, ಇನ್ನೊಬ್ಬ ತಂದೆತಾಯಿಯ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಾನೆ. ಗುರುಗಳಲ್ಲಿ ಕೇಳಿಕೊಳ್ಳುವುದು ಇದನ್ನೇ. ಮುಂದಿನ ರಜೆಗೆ ಮೊದಲು ಎಸ್ಸೆಸ್ಸೆಲ್ಸಿ ಪುನರಾವರ್ತಿತ ಪರೀಕ್ಷೆಗೆ ಹೆಸರು ನೋಂದಾಯಿಸುವುದು ಹೇಗೆ, ಯಾರನ್ನು ಕೇಳಬೇಕು, ಏನೇನು ಕಾಗದ ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ನಮ್ಮ ಕೈಗೆ ಕೊಡಿ. ಹಳೆಯ ಗೆಳೆಯರ ಮನೆಗೆ ಹೋಗುವಾಗ ಒಯ್ಯುತ್ತೇವೆ.

ಅವಳ ಅಂಕಪಟ್ಟಿಯ ಫೋಟೋ ನನ್ನ ಫೋನಿನಲ್ಲಿದೆ. ಪರೀಕ್ಷೆಗೆ ಕೂರುತ್ತೇನೆ ಎಂದು ಅವಳು ಇನ್ನೂ ಬಾಯಿಬಿಟ್ಟು ಹೇಳಿಲ್ಲ, ಅಣ್ಣನನ್ನು ಕೇಳಬೇಕು ಎಂದಿದ್ದಾಳೆ. ಈ ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಸಿಂದಗಿ ಬಸ್ ಹತ್ತಿ ನಮ್ಮ ಹಳೆಯ ಹೈಸ್ಕೂಲಿನ ಹೆಡ್ ಮಾಸ್ತರರನ್ನು ಕಂಡು ಬರುತ್ತೇನೆ. ರಾತ್ರಿ ಬಡೇ ಅಬ್ಬಾನ ಮನೆಯಲ್ಲೇ ಉಳಿಯುವುದು.